ಮಡಚುವ ಚಾಕು ಹಗುರ ಮಾಡಬೇಕೇ? ಅಲಗು ಬಿಡಿ, ಹಿಡಿ ಬಿಚ್ಚಿ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಕಲಘಟಗಿ ಕಡೆ ಮಾವಿನ ತೋಟ, ಅಂಗಿ ಜೇಬಿನಲ್ಲಿ ಮಡಚುವ ಚಾಕು, ತೂಕ 210 ಗ್ರಾಂ. ಬಗ್ಗಿದಾಗೆಲ್ಲ ಜಾರಿ ಬೀಳುತ್ತದೆ. ಅಲಗಿಗೆ ನಾಲ್ಕು ತೂತು ಹೊಡೆಸಿದರೆ ಹಗುರ ಆಗುತ್ತಾ ಅಂತ ಕೇಳಿದ್ದೀರಿ. ಹಿಡಿ ಪೂರ್ತಿ ಸ್ಟೀಲ್, ಸ್ಕ್ರೂ ಹಾಕಿದ್ದು ಅಂತಲೂ ಬರೆದಿದ್ದೀರಿ. ಸ್ಕ್ರೂ ಇರುವುದು ಚಲೋ ಆಯ್ತು. ರಿವೆಟ್ ಹೊಡೆದದ್ದಾಗಿದ್ದರೆ "ಬಿಡ್ರೀ, ಬೇರೆ ತಗೋರಿ" ಅಂದುಬಿಡುತ್ತಿದ್ದೆ.

ಅಲಗನ್ನು ಮಾತ್ರ ಮುಟ್ಟಬೇಡಿ. ಅದು ಹದ ಹಾಕಿದ ಉಕ್ಕು. ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಒತ್ತಿದಷ್ಟೂ ಬಿಸಿಯಾಗಿ ಆ ಬಿಟ್ ತಾನೇ ಮೊಂಡಾಗುತ್ತದೆ. ಗ್ರೈಂಡರ್‌ಗೆ ಹಿಡಿದು ತೆಳ್ಳಗೆ ಮಾಡಿಸೋಣ ಅಂದರೆ ಅದೂ ಬೇಡ. ಅಂಚು ನೀಲಿಗೆ ತಿರುಗಿತು ಅಂದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಆ ಜಾಗದ ಹದ ಇಳಿದಿದೆ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ. ಇಷ್ಟೆಲ್ಲ ಮಾಡಿ ಸಿಗುವುದೇನು? 3 ಮಿಮೀ ದಪ್ಪದ ಅಲಗಿನಲ್ಲಿ 6 ಮಿಮೀ ತೂತು ಹೊಡೆದರೆ ಹೋಗುವುದು 0.66 ಗ್ರಾಂ. ನಾಲ್ಕಕ್ಕೆ ಎರಡೂವರೆ ಗ್ರಾಂ ಚಿಲ್ಲರೆ. ಮೇಲಿಂದ ಮಾವಿನ ಸೊನೆ ಹೋಗಿ ಆ ತೂತುಗಳಲ್ಲೇ ಕೂರುತ್ತದೆ.

ತೂಕ ಇರುವುದು ಹಿಡಿಯಲ್ಲಿ. ಚಾಕು ಬಿಚ್ಚಿ ಒಂದೊಂದೇ ಭಾಗ ತೂಗಿ ನೋಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹೊರಗಿನ ಪಟ್ಟಿ 100 ಮಿಮೀ ಉದ್ದ, 22 ಅಗಲ, 3 ದಪ್ಪ ಇದೆ ಅಂದುಕೊಳ್ಳಿ. ಸ್ಟೀಲಿನಲ್ಲಿ ಒಂದಕ್ಕೆ 52 ಗ್ರಾಂ, ಎರಡಕ್ಕೆ 104. ಅಂದರೆ ನಿಮ್ಮ ಚಾಕುವಿನ ಹತ್ತಿರತ್ತಿರ ಅರ್ಧ ತೂಕ ಅಲ್ಲೇ ಇದೆ! ಅದೇ ಅಳತೆ ಅಲ್ಯುಮಿನಿಯಂ ಆದರೆ ಒಂದಕ್ಕೆ 18 ಗ್ರಾಂ, ಜಿ10 (ಗಾಜಿನ ನಾರಿಗೆ ಎಪಾಕ್ಸಿ ಸೇರಿಸಿ ಒತ್ತಿದ ಹಾಳೆ) ಆದರೆ 12, ಹೈಲಂ ಶೀಟ್ (ಕಾಗದ ಇಲ್ಲವೇ ಬಟ್ಟೆಗೆ ರಾಳ ಸೇರಿಸಿ ಒತ್ತಿದ ಗಟ್ಟಿ ಹಾಳೆ) ಆದರೆ 9, ತೇಗ ಆದರೆ 4 ಗ್ರಾಂ ಚಿಲ್ಲರೆ.

ನಾನಾದರೆ ಹೈಲಂ ಹಾಕುತ್ತೇನೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ, ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಕೇಳಿ ನೋಡಿ, ಕತ್ತರಿಸಿ ಉಳಿದ ತುಂಡೇ ಸಾಕಾಗುತ್ತದೆ. ತೇಗ ಇನ್ನೂ ಹಗುರ ನಿಜ, ಆದರೆ 3 ಮಿಮೀ ತೇಗ ಸ್ಕ್ರೂ ಹತ್ತಿರ ಸೀಳುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಎರಡೂ ಪಟ್ಟಿ ಸೇರಿ ಒಂಬತ್ತು ಗ್ರಾಂ ಉಳಿಸಲು ಆ ತಲೆನೋವು ಯಾಕೆ? ದಪ್ಪ ಮಾತ್ರ ಹಳೆಯದರಷ್ಟೇ ಇರಲಿ, ಆಗ ಅದೇ ಸ್ಕ್ರೂಗಳು ನಡೆಯುತ್ತವೆ. ಹಳೆಯ ಪಟ್ಟಿಯನ್ನೇ ಮೇಲಿಟ್ಟು ಗುರುತು ಹಾಕಿ, ಸ್ಕ್ರೂ ತೂತು ಮೊದಲು ಹೊಡೆದು, ಹೊರ ಆಕಾರ ಆಮೇಲೆ ಗರಗಸ, ಅರ, ಪಾಲಿಶ್ ಪೇಪರ್‌ನಿಂದ ತನ್ನಿ. ಹೈಲಂ ಇರಲಿ, ಜಿ10 ಇರಲಿ, ಪೇಪರ್ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಜಿ10 ಪುಡಿ ಅಂದರೆ ಗಾಜಿನ ನಾರು, ಎದೆಗೆ ಹೋಗಬಾರದು.

ಇಷ್ಟಕ್ಕೇ 85 ಗ್ರಾಂ ಇಳಿಯಿತು. ಒಳಗಿನ ಲೈನರ್‌ಗೆ (ಹೊರಪಟ್ಟಿಯ ಒಳಬದಿಗೆ ಕೂರುವ ತೆಳು ಲೋಹದ ತಗಡು) ತೂತು ಹೊಡೆಯುವುದು ಇದಾದ ಮೇಲಿನ ಮಾತು, ಲಾಭವೂ ಕಡಿಮೆ. 1.5 ಮಿಮೀ ಲೈನರ್‌ನಲ್ಲಿ 6 ಮಿಮೀ ತೂತಿಗೆ 0.33 ಗ್ರಾಂ. ಎರಡೂ ಕಡೆ ಎಂಟೆಂಟು ಹೊಡೆದರೂ ಐದು ಗ್ರಾಂ ಅಷ್ಟೇ. ಆಸೆ ಇದ್ದರೆ ಮಾಡಿ, ಆದರೆ ಜಾಗ ನೋಡಿ. ನಿಮ್ಮದು ಲೈನರ್ ಲಾಕ್ ಆಗಿದ್ದರೆ, ಅಲಗನ್ನು ತಡೆದು ಹಿಡಿಯುವ ನಾಲಿಗೆ ಆ ಲೈನರ್‌ನಿಂದಲೇ ಸೀಳಿ ಬಗ್ಗಿಸಿದ್ದು. ಆ ನಾಲಿಗೆಗೂ ಅದರ ಬುಡಕ್ಕೂ ಡ್ರಿಲ್ ತಾಕಬಾರದು. ಅಲ್ಲಿ ತೂತು ಬಿದ್ದರೆ ಲಾಕ್ ಸಡಿಲಾಗಿ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಅಲಗು ತಿರುಗುವ ಪಿನ್, ಅಲಗು ಬಂದು ನಿಲ್ಲುವ ಪಿನ್, ಇವುಗಳ ಸುತ್ತಲೂ ಬೇಡ. ತೂತಿಗೂ ಅಂಚಿಗೂ ನಡುವೆ 3 ಮಿಮೀ ಬಿಡಿ.

ತೆಳು ತಗಡಿಗೆ ಬಿಟ್ ಕಚ್ಚಿಕೊಂಡು ಗರ್ರನೆ ತಿರುಗಿಸಿಬಿಡುತ್ತದೆ, ಕೈಯಲ್ಲಿ ಹಿಡಿದು ಕೊರೆಯಲೇಬೇಡಿ. ಎರಡು ಹಲಗೆ ನಡುವೆ ಇಟ್ಟು ವೈಸ್‌ಗೆ ಬಿಗಿದು, ಪಂಚ್ ಹೊಡೆದು, ಮೊದಲು 2 ಮಿಮೀ, ಆಮೇಲೆ 6. ವೇಗ ಕಡಿಮೆ, ಒಂದು ಹನಿ ಎಣ್ಣೆ, ಕಣ್ಣಿಗೆ ಕನ್ನಡಕ. ತೂತಿನ ಅಂಚಿನ ಮುಳ್ಳನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ, ಇಲ್ಲವಾದರೆ ಅಲಗಿಗೆ ಗೀರು ಬೀಳುತ್ತದೆ.

ಬಿಚ್ಚುವ ಮೊದಲು ಅಲಗಿಗೆ ಟೇಪ್ ಸುತ್ತಿ. ವಾಷರ್ ಯಾವ ಕಡೆಯದು ಯಾವುದು ಅಂತ ಫೋಟೊ ತೆಗೆದಿಡಿ. ಜೋಡಿಸುವಾಗ ತಿರುಗುವ ಪಿನ್ನಿನ ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದೇ ಒಂದು ಚುಕ್ಕೆ. ಜಾಸ್ತಿಯಾದರೆ ಹರಿದು ಒಳಗೆ ಹೋಗಿ ಅಲಗೇ ತಿರುಗುವುದಿಲ್ಲ. ಆಮೇಲೆ ಅಲಗನ್ನು ಪೂರ್ತಿ ತೆರೆದು ಹಿಡಿದು, ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ಒತ್ತಿ. ಬೆರಳುಗಳು ಮಡಚುವ ದಾರಿಯಲ್ಲಿ ಇರಬಾರದು. ಲಾಕ್ ಸ್ವಲ್ಪ ಜಾರಿದರೂ ಆ ಚಾಕು ಬಳಸಬೇಡಿ.

ಹಿಡಿ ಹಗುರ ಆದ ಮೇಲೆ ಭಾರ ಅಲಗಿನ ಕಡೆ ಸರಿಯುತ್ತದೆ. ಮೊದಮೊದಲು ಮೂತಿ ಕೆಳಗೆ ಎಳೆದಂತೆ ಅನ್ನಿಸಬಹುದು. ಹಗ್ಗ, ಟೊಂಗೆ, ಚೀಲ ಕತ್ತರಿಸಲು ಅದೇನೂ ತೊಂದರೆ ಇಲ್ಲ. ಆಪೂಸ್ ಕಸಿಗೂ ಇದೇ ಚಾಕು ಬಳಸುತ್ತಿದ್ದರೆ ಮಾತ್ರ ಅದಕ್ಕೆ ಒಂದೇ ಬದಿ ಮಸೆದ ಕಸಿ ಚಾಕು ಬೇರೆಯೇ ಇಟ್ಟುಕೊಳ್ಳಿ.

ಮತ್ತೆ, ಜಾರಿ ಬೀಳುವುದೇ ನಿಮ್ಮ ತಕರಾರಾದರೆ ಇಂದೇ ಒಂದು ಕೆಲಸ ಮಾಡಬಹುದು. ಹಿಡಿಯ ತುದಿಯಲ್ಲಿ ದಾರ ಕಟ್ಟುವ ತೂತು ಇದೆಯಾ ನೋಡಿ, ಒಂದು ನೈಲಾನ್ ದಾರ ಪೋಣಿಸಿ ಪ್ಯಾಂಟಿನ ಬೆಲ್ಟಿನ ಪಟ್ಟಿಗೆ ಕಟ್ಟಿ. ಬಿಚ್ಚಿದ ಮೇಲೆ ಎರಡೂ ಲೈನರ್ ಫೋಟೊ ಇಲ್ಲಿ ಹಾಕಿ, ಎಲ್ಲೆಲ್ಲಿ ತೂತು ಹೊಡೆಯಬಹುದು ಅಂತ ಗುರುತು ಮಾಡಿ ಕಳಿಸುತ್ತೇನೆ.