ಮಂಡಿ ಕಾರ್ಟಿಲೇಜ್ ಸವೆದರೆ ಇಂಜೆಕ್ಷನ್ ಸಾಕಾ, ಆಪರೇಷನ್ನೇ ಬೇಕಾ?

ನಿಮ್ಮ ಅಮ್ಮನಿಗೆ 58 ವರ್ಷ, ಎರಡೂ ಮಂಡಿ ಸವೆದಿವೆ ಎಂದಿದ್ದೀರಿ. ಒಬ್ಬ ಡಾಕ್ಟರು ರೋಗಿಯದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್ ಹಾಕಿಸಿದರೆ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಗೆ ಹೊದ್ದಿರುವ ನುಣುಪಾದ ಪದರ) ಮತ್ತೆ ಬೆಳೆಯುತ್ತದೆ ಅಂದರಂತೆ, ಇನ್ನೊಬ್ಬರು ಮಂಡಿಯನ್ನೇ ಬದಲಾಯಿಸಿ ಅಂದರಂತೆ. ತಮ್ಮನ ಗೆಳೆಯನಿಗೆ ಕಬಡ್ಡಿಯಲ್ಲಿ ಪೆಟ್ಟಾದಾಗ ಸಣ್ಣ ತೂತು ಹಾಕಿ ಸರಿ ಮಾಡಿದರಲ್ಲ, ಅಮ್ಮನಿಗೂ ಅದನ್ನೇ ಯಾಕೆ ಮಾಡಬಾರದು ಅಂತಲೂ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅಲ್ಲೇ ಇದೆ. ಆ ಹುಡುಗನ ಮಂಡಿಯ ಕಥೆ ಬೇರೆ, ಅಮ್ಮನ ಮಂಡಿಯ ಕಥೆ ಬೇರೆ. ರಸ್ತೆಯಲ್ಲಿ ಒಂದು ಗುಂಡಿ ಬಿದ್ದಿದ್ದರೆ ಮುಚ್ಚಬಹುದು, ಇಡೀ ಡಾಂಬರೇ ಎದ್ದುಹೋಗಿದ್ದರೆ ಮುಚ್ಚೋದು ಎಲ್ಲಿ ಅಂತ?

ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಅದಕ್ಕೇ ಚರ್ಮದ ಗಾಯದ ಹಾಗೆ ತಾನಾಗಿ ಮಾಯುವುದಿಲ್ಲ. ಹುಡುಗರಿಗೆ ಎರಡು ಚದರ ಸೆಂಟಿಮೀಟರ್ ಒಳಗಿನ ಹಾನಿಯಾದರೆ ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತು ಹಾಕುತ್ತಾರೆ. ಇದು ಮೈಕ್ರೋಫ್ರಾಕ್ಚರ್. ಒಸರಿದ ರಕ್ತ ಹೆಪ್ಪುಗಟ್ಟಿ ಅಲ್ಲೊಂದು ಪದರ ಬರುತ್ತದೆ, ಆದರೆ ಮೂಲದಷ್ಟು ಗಟ್ಟಿ ಇರುವುದಿಲ್ಲ. ಹಾನಿ ದೊಡ್ಡದಿದ್ದರೆ ರೋಗಿಯದೇ ಕಾರ್ಟಿಲೇಜ್ ಜೀವಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ಕೂರಿಸುವ ವಿಧಾನವಿದೆ. ಸ್ವೀಡನ್ನಿನ ವೈದ್ಯರು 1994ರಲ್ಲಿ ಅದರ ಮೊದಲ ಫಲಿತಾಂಶ ಪ್ರಕಟಿಸಿದರು. ಇದಕ್ಕೆಲ್ಲ ಸುತ್ತಮುತ್ತ ಒಳ್ಳೆಯ ಕಾರ್ಟಿಲೇಜ್ ಉಳಿದಿರಬೇಕು. ಅಮ್ಮನಿಗೆ ಅದೇ ಇಲ್ಲ.

"ದುರ್ಬೀನು ಹಾಕಿ ಕ್ಲೀನ್ ಮಾಡೋಣ" ಅಂತ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಂಡಿಯೊಳಗೆ ತೊಳೆಯೋಣ ಅಂತ, ಯಾರಾದರೂ ಹೇಳಿದರೆ ದಯವಿಟ್ಟು ಇನ್ನೊಬ್ಬರ ಹತ್ತಿರ ಕೇಳಿ. 2002ರಲ್ಲಿ ಅಮೆರಿಕದಲ್ಲಿ ಸವೆದ ಮಂಡಿಯ ಕೆಲವರಿಗೆ ನಿಜವಾಗಿ ಒಳಗೆ ತೊಳೆದು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ನೋವಿನಲ್ಲಿ ಏನೂ ವ್ಯತ್ಯಾಸ ಬರಲಿಲ್ಲ.

ಇನ್ನು ಇಂಜೆಕ್ಷನ್. ಪಿಆರ್‌ಪಿಯಿಂದ ಕೆಲವರಿಗೆ ಕೆಲವು ತಿಂಗಳು ನೋವು ಕಡಿಮೆ ಅನಿಸುತ್ತದೆ. ಕಾರ್ಟಿಲೇಜ್ ಬೆಳೆಯುತ್ತದೆ ಅನ್ನೋದನ್ನು ಮಾತ್ರ ನಂಬಬೇಡಿ. 2021ರಲ್ಲಿ ಆಸ್ಟ್ರೇಲಿಯಾದವರು ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿ ನೋಡಿದಾಗ ಒಂದು ವರ್ಷದ ನಂತರ ಎರಡೂ ಒಂದೇ ಆಗಿತ್ತು. ಸ್ಟೀರಾಯ್ಡ್ ಊತ ಇಳಿಸುತ್ತದೆ, ಕೆಲವು ವಾರ ಆರಾಮ. ಪದೇ ಪದೇ ಹಾಕಿಸಿದರೆ ಕಾರ್ಟಿಲೇಜ್‌ಗೇ ಕೆಟ್ಟದ್ದು. ಸಾಲ ಮಾಡಿ ದುಬಾರಿ ಇಂಜೆಕ್ಷನ್ ಹಾಕಿಸಿಕೊಂಡು ಬಂದವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮೊದಲು ಮಾಡಬೇಕಾದದ್ದು ತೊಡೆಯ ಬಲ. ಭದ್ರಾ ನಾಲೆ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರು ನಾಟಿ, ಕಳೆ ಅಂತ ವರ್ಷಗಟ್ಟಲೆ ದುಡಿದವರು. "ನಮಗೆ ಇನ್ನೇನು ವ್ಯಾಯಾಮ" ಅಂತಾರೆ. ಮಲಗಿಸಿ ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು "ಕೆಳಕ್ಕೆ ಒತ್ತಿ" ಅಂದರೆ ತೊಡೆ ನಡುಗುತ್ತದೆ, ಚಿಪ್ಪು ಮೇಲಕ್ಕೆ ಸರಿಯುವುದೇ ಇಲ್ಲ. ಐದು ಎಣಿಸುವಷ್ಟು ಹೊತ್ತು ಒತ್ತಿ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಗ್ಗೆಗೆ ಇಳಿದಿರಬೇಕು. ಮೂರು ತಿಂಗಳು ಬಿಡದೆ ಮಾಡಿಸಿ. ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂರೋದು ಬಿಡಿಸಿ, ಕಮೋಡ್ ಕುರ್ಚಿ ತನ್ನಿ. ಕುಂದುವಾಡ ಕೆರೆಯಂಥ ಸಮತಟ್ಟಾದ ಜಾಗದಲ್ಲಿ ನಡೆಯಲಿ, ಮೆಟ್ಟಿಲು ಜಾಸ್ತಿ ಬೇಡ. ಬಿಪಿ, ಶುಗರ್ ಇದ್ದರೆ ಮೆಡಿಕಲ್ ಶಾಪಿನಿಂದ ಸುಮ್ನೆ ನೋವಿನ ಮಾತ್ರೆ ತಂದು ನುಂಗಿಸಬೇಡಿ, ಕಿಡ್ನಿಗೆ ಪೆಟ್ಟು.

ಇಷ್ಟಾದ ಮೇಲೂ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಮನೆಯೊಳಗೆ ಓಡಾಡೋದೇ ಕಷ್ಟವಾದರೆ, ಮಂಡಿ ಬದಲಾವಣೆಗೆ ಹೆದರಬೇಡಿ. ಹೆಚ್ಚಿನವರಿಗೆ ಅದು 20 ವರ್ಷ ದಾಟಿ ಬಾಳುತ್ತದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಯುಷ್ಮಾನ್ ಬಗ್ಗೆ ವಿಚಾರಿಸಿ.

ಒಳಬದಿ ಮಾತ್ರ ಸವೆದು ಕಾಲು ಹೊರಕ್ಕೆ ಬಾಗಿದ್ದರೆ, ಮೂಳೆ ಕೊಯ್ದು ಕಾಲು ನೇರ ಮಾಡುವ ಆಪರೇಷನ್ನೂ ಇದೆ. ಅಮ್ಮನ ವಯಸ್ಸಿಗೆ ಅದು ಆಗುತ್ತಾ ಅಂತ ಮೂಳೆ ಡಾಕ್ಟರನ್ನು ಕೇಳಿ. ಎಕ್ಸ್‌ರೇ ನಿಲ್ಲಿಸಿ ತೆಗೆದಿದ್ದಾ, ಮಲಗಿಸಿ ತೆಗೆದಿದ್ದಾ ನೋಡಿ. ಮಲಗಿಸಿ ತೆಗೆದರೆ ಕೀಲಿನ ನಡುವಿನ ಸಂದು ಇರೋದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಹಾಗಾಗಿದ್ದರೆ ನಿಲ್ಲಿಸಿ ಇನ್ನೊಮ್ಮೆ ತೆಗೆಸಿಕೊಂಡೇ ಹೋಗಿ.