ಕೀಮೋಕೈನ್‌ಗಳನ್ನು ಶತ್ರುವೆನ್ನುವ ಮುನ್ನ

ಮಾನ್ಯರೇ,

‘ಕೀಮೋಕೈನ್: ದೇಹದೊಳಗಿನ ಶತ್ರು’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ತೊಡಕು ಶೀರ್ಷಿಕೆಯಲ್ಲಿಯೇ ಇದೆ. ಸಂಧಿವಾತ, ಸೋರಿಯಾಸಿಸ್, ರಕ್ತನಾಳದ ಗೋಡೆ ದಪ್ಪವಾಗುವ ರೋಗ ಎಂದು ಕಾಯಿಲೆಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗಿದ್ದೀರಿ. ಕಾಯಿಲೆಯಿಲ್ಲದ ದೇಹದಲ್ಲಿ ಜೀವಕೋಶಗಳನ್ನು ಬೇಕಾದೆಡೆಗೆ ಕರೆಯುವ ಕೀಮೋಕೈನ್ ಎಂಬ ಈ ಪುಟ್ಟ ಪ್ರೋಟೀನುಗಳಿಗೆ ಏನು ಕೆಲಸವೆಂಬುದರ ಬಗ್ಗೆ ಮಾತ್ರ ನಾಲ್ಕು ಪುಟಗಳಲ್ಲಿ ಒಂದು ವಾಕ್ಯವೂ ಸಿಗಲಿಲ್ಲ.

ಕಾಲಿಗೆ ಮುಳ್ಳು ಚುಚ್ಚಿದ ಗಳಿಗೆಯಿಂದ ಆರಂಭಿಸಿ. ಗಾಯದ ಸುತ್ತಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಕೀಮೋಕೈನನ್ನು ಸ್ರವಿಸುತ್ತವೆ. ಅದು ಹತ್ತಿರದ ರಕ್ತನಾಳದ ಒಳಗೋಡೆಗೆ ಅಂಟಿ ನಿಲ್ಲುತ್ತದೆ. ಗೋಡೆಯನ್ನು ಸವರುತ್ತ ಉರುಳಿಹೋಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅದು ತಾಕಿದೊಡನೆ ಗಟ್ಟಿಯಾಗಿ ಕಚ್ಚಿಕೊಂಡು, ಚಪ್ಪಟೆಯಾಗಿ, ಗೋಡೆಯ ಸಂದಿನಿಂದ ನುಸುಳಿ ಹೊರಬಂದು, ಕೀಮೋಕೈನ್ ದಟ್ಟವಾಗಿರುವ ಕಡೆಗೇ ತೆವಳುತ್ತದೆ. ಗಾಯದಲ್ಲಿ ನಾವು ಕಾಣುವ ಕೀವು ಬಹುಮಟ್ಟಿಗೆ ಹೀಗೆ ಬಂದು ಸತ್ತ ಕಣಗಳದ್ದೇ. ಇಷ್ಟನ್ನು ಓದಿದವರಿಗೆ ಸಂಧಿವಾತದ ಕೀಲಿನ ಸಂಕಟವನ್ನು ವಿವರಿಸುವುದು ಕಷ್ಟವಲ್ಲ: ಅಲ್ಲಿಯೂ ಕರೆ ಇದೇ ಬಗೆಯದು, ಆದರೆ ಮುಳ್ಳಿಲ್ಲ, ಕರೆ ನಿಲ್ಲುವುದೂ ಇಲ್ಲ.

ಗಾಯವೇ ಇಲ್ಲದಾಗಲೂ ಕೀಮೋಕೈನ್‌ಗಳಿಗೆ ಬಿಡುವಿಲ್ಲ. ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಅಲ್ಲಿಯೇ ಹಿಡಿದಿಡುವ ಕೀಮೋಕೈನ್ ಸಿಎಕ್ಸ್‌ಸಿಎಲ್-12. ಆ ಹಿಡಿತವನ್ನು ಸಡಿಲಿಸಿ, ಕಸಿಗೆ ಬೇಕಾದ ಕಾಂಡಕೋಶಗಳನ್ನು ರಕ್ತದಿಂದಲೇ ಸಂಗ್ರಹಿಸಲು ನೆರವಾಗುವ ಪ್ಲೆರಿಕ್ಸಾಫರ್ ಔಷಧಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಸಿಎಕ್ಸ್‌ಸಿಎಲ್-12 ಇಲ್ಲದ ಇಲಿಮರಿಗಳು ಹುಟ್ಟುವ ಹೊತ್ತಿಗೇ ಸಾಯುತ್ತವೆ ಎಂಬುದನ್ನು ತಿಳಿದ ಮೇಲೂ ನೀವು ‘ಶತ್ರು’ ಎಂದು ಬರೆಯಲಾರಿರಿ ಎಂದು ನಂಬಿದ್ದೇನೆ.

‘ಕೀಮೋಕೈನನ್ನು ತಡೆದರೆ ಉರಿಯೂತ ಗುಣವಾಗುತ್ತದೆ’ ಎಂಬ ಕೊನೆಯ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ನೋವು ತಿನ್ನುತ್ತಿರುವ ಓದುಗರು ಅದನ್ನು ನಂಬಿಬಿಡುತ್ತಾರೆ. ಮನುಷ್ಯರಲ್ಲಿ ಸುಮಾರು 50 ಕೀಮೋಕೈನ್‌ಗಳೂ ಅವುಗಳ ಕರೆಯನ್ನು ಹಿಡಿಯಲು ಜೀವಕೋಶಗಳ ಮೇಲೆ ಸುಮಾರು 20 ಗ್ರಾಹಕಗಳೂ ಇವೆ; ಒಂದು ದಾರಿಯನ್ನು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಸಂಧಿವಾತಕ್ಕೆಂದು ಈ ಗ್ರಾಹಕಗಳನ್ನು ತಡೆದು ನೋಡಿದ ಪ್ರಯೋಗಗಳು ಬಹುಪಾಲು ನಿರಾಸೆಯನ್ನೇ ತಂದವು. 2007ರಲ್ಲಿ ಒಪ್ಪಿಗೆ ಪಡೆದ ಮರಾವಿರಾಕ್ ಎಂಬ ಗ್ರಾಹಕ ತಡೆಯುವ ಔಷಧ ಗೆದ್ದಿತು, ನಿಜ; ಆದರೆ ಅದು ತಡೆಯುವುದು ಉರಿಯೂತವನ್ನಲ್ಲ, ಸಿಸಿಆರ್-5 ಗ್ರಾಹಕದ ಮೂಲಕ ಜೀವಕೋಶವನ್ನು ಹೊಗುವ ಎಚ್‌ಐವಿ ವೈರಾಣುವನ್ನು.

ನಿಮ್ಮ ಲೇಖನದಲ್ಲಿರುವ ಗ್ರಾಹಕಗಳ ಪಟ್ಟಿಯನ್ನು ಪೂರ್ತಿಯಾಗಿ ಕೈಬಿಟ್ಟು, ಹೊಸ ಶೀರ್ಷಿಕೆಯೊಂದಿಗೆ 1,200 ಪದಗಳೊಳಗೆ ಬರೆದು ಕಳುಹಿಸಿ. ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ