ನಾಲ್ಕು ಕಿಲೋ ತೂಕ ಇಳಿದರೆ ಹೃದಯಕ್ಕೆ ನಿಜಕ್ಕೂ ಪ್ರಯೋಜನವಿದೆಯೇ?

ಇದೆ. ಮಡಿಕೇರಿಯಲ್ಲಿರುವ ನಿಮ್ಮ ತಂದೆಯವರ ತೂಕ 84 ಕಿಲೋ ಎಂದು ಬರೆದಿದ್ದೀರಿ. ಅದರಲ್ಲಿ ಶೇಕಡಾ 5ರಷ್ಟು, ಅಂದರೆ ಸುಮಾರು 4 ಕಿಲೋ ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶ ಸಾಮಾನ್ಯವಾಗಿ ತಗ್ಗುತ್ತವೆ.

ಕಾರಣವೆಂದರೆ, ಎಲ್ಲ ಕೊಬ್ಬೂ ಒಂದೇ ಬಗೆಯದಲ್ಲ. ಚರ್ಮದಡಿಯ ಕೊಬ್ಬಿನಿಂದ ತೊಂದರೆ ಕಡಿಮೆ. ಆದರೆ ಹೊಟ್ಟೆಯೊಳಗೆ ಕರುಳಿನ ಸುತ್ತ ಶೇಖರವಾದ ಕೊಬ್ಬು ನೇರವಾಗಿ ಯಕೃತ್ತಿಗೆ ಕೊಬ್ಬಿನಾಮ್ಲಗಳನ್ನು ಹರಿಸುತ್ತ, ಒಳಗೊಳಗೇ ಉರಿಯೂತವನ್ನು ಹೆಚ್ಚಿಸುತ್ತ, ಸಕ್ಕರೆಯನ್ನು ಜೀವಕೋಶಗಳಿಗೆ ತಲುಪಿಸುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಂತೆ ಮಾಡುತ್ತದೆ. ತೂಕ ಇಳಿಯತೊಡಗಿದಾಗ, ಪ್ರಮಾಣಕ್ಕೆ ಹೋಲಿಸಿದರೆ ಬೇಗ ಕರಗುವುದೂ ಇದೇ ಕೊಬ್ಬು. ಆದ್ದರಿಂದ ತಕ್ಕಡಿಯ ಜೊತೆಗೆ ಅಳತೆಪಟ್ಟಿಯನ್ನೂ ಬಳಸಿ: ಭಾರತೀಯ ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಅಪಾಯ ಹೆಚ್ಚು.

ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿಗಳನ್ನು ತ್ಯಜಿಸಬೇಕೆಂದು ನಾನು ಹೇಳುವುದಿಲ್ಲ, ಹೇಳಿದರೂ ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ. ಇವೆಲ್ಲವೂ ಅಕ್ಕಿಯವೇ ಆದ್ದರಿಂದ ಒಂದೆರಡನ್ನು ಕಡಿಮೆ ಮಾಡಿ, ಆ ಜಾಗಕ್ಕೆ ಕಾಳು, ಸೊಪ್ಪು, ಕಣಿಲೆಯಂಥ (ಎಳೆ ಬಿದಿರಿನ ಮೊಳಕೆ) ಪಲ್ಯ ಬರಲಿ. ಪಂದಿ ಕರಿಯಲ್ಲಿ ಕೊಬ್ಬಿನ ತುಂಡುಗಳನ್ನು ಬದಿಗಿಡಲಿ. ತೋಟವನ್ನು ಜೀಪಿನಲ್ಲಿ ಸುತ್ತುವ ಬದಲು ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯಲಿ. ನಮ್ಮ ಏರುಹಾದಿಗಳಲ್ಲಿ ಅದು ಒಳ್ಳೆಯ ವ್ಯಾಯಾಮವೇ. ನಡೆಯುವಾಗ ಎದೆಯಲ್ಲಿ ಬಿಗಿತ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ತೂಕ ಇಳಿದಂತೆ ಔಷಧದ ಪ್ರಮಾಣವನ್ನು ವೈದ್ಯರೇ ಬದಲಿಸಬೇಕಾಗಬಹುದು.